ಪಿಕಪ್ ಬಗ್ಗೆಯೂ ಬರೆಯಿರಿ

ಮಾನ್ಯ ಸಂಪಾದಕರೇ,

ಟೊಯೋಟಾ ಜಿಟಿ86 ಮತ್ತು ಅದರ ನಂತರ ಬಂದ ಜಿಆರ್86 ಕಾರುಗಳನ್ನು ಹೋಲಿಸಿದ ನಿಮ್ಮ ವಾಹನ ಪುಟದ ಬರಹ ಬರೀ ಅಶ್ವಶಕ್ತಿಯ ಲೆಕ್ಕದಲ್ಲೇ ಮುಗಿದುಹೋಯಿತು. ಜಪಾನ್‌ನಲ್ಲಿ ಕೆಲಸ ಮಾಡುವ ನಾನು ಎರಡನ್ನೂ ಓಡಿಸಿದ್ದೇನೆ. ನಿಜವಾದ ವ್ಯತ್ಯಾಸ ಇರುವುದು ಪಿಕಪ್‌ನಲ್ಲಿ, ಅಂದರೆ ಆಕ್ಸಿಲರೇಟರ್ ತುಳಿದಾಗ ಗಾಡಿ ಎಷ್ಟು ಬೇಗ ವೇಗ ಹಿಡಿಯುತ್ತದೆ ಎಂಬುದರಲ್ಲಿ. 2012ರ ಜಿಟಿ86 ಗಾಡಿಯ 2 ಲೀಟರ್ ಎಂಜಿನ್ ತನ್ನ ಪೂರ್ತಿ 205 ಎನ್‌ಎಂ ಟಾರ್ಕ್ (ತಿರುಗಿಸುವ ಬಲ) ಕೊಡುವುದು 6,400 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಮುಟ್ಟಿದ ಮೇಲೆ. 4,000ದ ಆಸುಪಾಸಿನಲ್ಲಿ ಟಾರ್ಕ್ ಕುಸಿಯುತ್ತದೆ. ಘಾಟಿ ಏರುವಾಗ ಮೂರನೇ ಗೇರ್‌ನಲ್ಲಿ ಆಕ್ಸಿಲರೇಟರ್ ಪೂರ್ತಿ ತುಳಿದರೂ ಒಂದು ಕ್ಷಣ ಕಾಯಬೇಕು, ಇಲ್ಲವೇ ಎರಡಕ್ಕೆ ಇಳಿಸಬೇಕು. ಹೊಸದರ 2.4 ಲೀಟರ್ ಎಂಜಿನ್‌ನಲ್ಲಿ 3,700ಕ್ಕೇ 250 ಎನ್‌ಎಂ ಸಿಗುತ್ತದೆ, ಅದೂ ಟರ್ಬೊ ಇಲ್ಲದೆ. ಅದೇ ಏರಿಗೆ ಮೂರನೇ ಗೇರೇ ಸಾಕು. ಕೊಳ್ಳುವವರಿಗೆ ತಿಳಿಯಬೇಕಾದ್ದು ಇದೇ ಅಲ್ವಾ? ಮುಂದಿನ ಸಲ ಟಾರ್ಕ್ ಯಾವ ಆರ್‌ಪಿಎಂನಲ್ಲಿ ಬರುತ್ತದೆ ಎಂಬುದನ್ನೂ ದಯವಿಟ್ಟು ಹಾಕಿ.

– ಒಬ್ಬ ಓದುಗ, ನಗೋಯಾ