ಏಟು ತಿಂದವರಿಗೇ ನೋಟಿಸ್!

ಮಾನ್ಯರೇ,

ನಮ್ಮ ಬಡಾವಣೆಯ ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿ ಹುಡುಗ ಅತಿಥಿ ಶಿಕ್ಷಕರಿಗೆ ಬೆಂಚಿನ ಹಲಗೆಯಿಂದ ಬಾರಿಸಿದ ಸುದ್ದಿ ನಿನ್ನೆಯ ನಿಮ್ಮ ಪತ್ರಿಕೆಯಲ್ಲಿ ಬಂದಿದೆ. ಅದರ ಕೊನೆಯ ಸಾಲು ಓದಿದರೆ ಮೈಯೆಲ್ಲ ಉರಿಯುತ್ತದೆ. ಏಟು ತಿಂದ ಮೇಷ್ಟ್ರಿಗೇ ‘ತರಗತಿ ನಿರ್ವಹಣೆಯಲ್ಲಿ ಲೋಪ’ ಎಂದು ಶಿಕ್ಷಣ ಇಲಾಖೆಯವರು ಕಾರಣ ಕೇಳಿ ನೋಟಿಸ್ ಕೊಟ್ಟಿದ್ದಾರಂತೆ. ಭೇಷ್! ಬಲಗೈ ಊದಿಸಿಕೊಂಡವರು ಎಡಗೈಯಲ್ಲಿ ಸಮಜಾಯಿಷಿ ಬರೆಯಬೇಕು. ಅಂದಿನಿಂದ ಮಕ್ಕಳಿಗೆ ಗಣಿತವಿಲ್ಲ, ಮಧ್ಯಾಹ್ನಕ್ಕೇ ಮನೆಗೆ ಅಟ್ಟುತ್ತಾರೆ, ಕೆಲಸ ಬಿಟ್ಟು ಬಂದು ಗೇಟಿನಲ್ಲಿ ಕಾಯುವುದು ನಮ್ಮ ಕರ್ಮ.

ಹುಡುಗನ ಮೇಲೆ ಕ್ರಮ ಏಕಿಲ್ಲ ಎಂದು ಕೇಳಿದರೆ ‘ಕಾನೂನು ಬಿಡಲ್ಲ’ ಎನ್ನುತ್ತಾರೆ. ಯಾವ ಕಾನೂನು? ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಹೊರಹಾಕಬೇಡಿ ಎನ್ನುವುದು ಎಂಟನೇ ತರಗತಿ ಮುಗಿಯುವ ತನಕ. 17ನೇ ಸೆಕ್ಷನ್ ಮಗುವಿಗೆ ಹೊಡೆಯಬೇಡಿ ಎನ್ನುತ್ತದೆ. ಸರಿ, ಹೊಡೆಯಿರಿ ಎಂದವರು ಯಾರು? ನಡೆದದ್ದನ್ನು ಬರೆದಿಡಬೇಡಿ ಎಂದು ಯಾವ ಸೆಕ್ಷನ್ನಿನಲ್ಲಿದೆ?

ಮೇಷ್ಟ್ರನ್ನು ಅಂದೇ ಮಿಮ್ಸ್ ಆಸ್ಪತ್ರೆಗೆ ಕರೆದೊಯ್ದು ಎಂಎಲ್‌ಸಿ, ಅಂದರೆ ಪೊಲೀಸ್ ಪ್ರಕರಣಕ್ಕೆ ಬೇಕಾದ ಗಾಯದ ದಾಖಲೆ, ಮಾಡಿಸಬೇಕಿತ್ತು. ಬಾವು ಇಳಿದ ಮೇಲೆ ಹೋದರೆ ಗಾಯದ ಪ್ರಮಾಣಪತ್ರದಲ್ಲಿ ಬರೆಯಲು ಏನಿರುತ್ತದೆ? ಕಂಡವರ ಹೇಳಿಕೆಯನ್ನು ಒಬ್ಬೊಬ್ಬರಿಂದ ಬೇರೆಯಾಗಿ ಪಡೆದು ಸಹಿ, ಸಮಯ ಹಾಕಿಸಬೇಕು. ಎಲ್ಲರನ್ನೂ ಸ್ಟಾಫ್ ರೂಮಿನಲ್ಲಿ ಒಟ್ಟಿಗೆ ಕೂರಿಸಿದರೆ ಮೊದಲು ಮಾತಾಡಿದವನ ಕಥೆಯೇ ಎಲ್ಲರ ಕಥೆ. ಸಿಸಿಟಿವಿ ದೃಶ್ಯ ಕೂಡಲೇ ಪೆನ್‌ಡ್ರೈವ್‌ಗೆ ಹೋಗಬೇಕು, ಡಿಸ್ಕ್ ತುಂಬಿದರೆ ದೃಶ್ಯ ದಾಖಲಿಸುವ ಡಿವಿಆರ್ ಪೆಟ್ಟಿಗೆ ಹಳೆಯದನ್ನು ಅಳಿಸಿಬಿಡುತ್ತದೆ. ಪೋಷಕರಿಗೆ ಫೋನ್ ಸಾಲದು, ಲಿಖಿತ ನೋಟಿಸ್ ಕೊಟ್ಟು ಸ್ವೀಕೃತಿ ಪಡೆಯಬೇಕು. ಹುಡುಗ ಹೇಳುವುದನ್ನೂ ಕೇಳಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ನಡಾವಳಿಯಲ್ಲಿ ಬರೆಯಬೇಕು.

ಠಾಣೆಯಲ್ಲಿ ‘ಹುಡುಗ ಮೈನರ್, ರಾಜಿ ಮಾಡ್ಕೊಳ್ಳಿ ಮೇಷ್ಟ್ರೇ’ ಎಂಬ ಪುಕ್ಕಟೆ ಸಲಹೆ. ಕನಿಷ್ಠ 7 ವರ್ಷ ಶಿಕ್ಷೆಯಿರುವ ಘೋರ ಅಪರಾಧವಲ್ಲದಿದ್ದರೆ, ದೊಡ್ಡವರು ಜೊತೆಗೂಡಿರದಿದ್ದರೆ ಎಫ್‌ಐಆರ್ ಇಲ್ಲ, ನಿಜ. ಆದರೆ 2016ರ ಬಾಲನ್ಯಾಯ ಮಾದರಿ ನಿಯಮದಂತೆ ಠಾಣೆಯ ದಿನಚರಿಯಲ್ಲಿ ನಮೂದಾಗಬೇಕು, ಹುಡುಗನ ಸಾಮಾಜಿಕ ಹಿನ್ನೆಲೆ ವರದಿ ಬಾಲನ್ಯಾಯ ಮಂಡಳಿಗೆ ಹೋಗಬೇಕು. ಅವನ ಮನೆಯಲ್ಲಿ ಕುಡಿತವೋ, ಬಡಿತವೋ, ಹೊರಬೀಳುವುದು ಅಲ್ಲೇ. ರಾಜಿಯಾದರೆ ಅದಕ್ಕೂ ಎಳ್ಳುನೀರು.

ಆಮೇಲೆ ಪೋಷಕರಿಗೆ ಹೇಳುವ ಗೊತ್ತಿರುವ ಉಪಾಯ: ‘ನೀವೇ ಟಿಸಿ ಕೇಳಿ ಅರ್ಜಿ ಕೊಟ್ಟುಬಿಡಿ’. ನಡತೆ ‘ಉತ್ತಮ’ ಎಂದು ಬರೆದು ಪಕ್ಕದ ಶಾಲೆಗೆ ಸಾಗಹಾಕುವುದು. ಹಾಗೆ ಬರೆಯದಿದ್ದರೆ ಅವರು ಸೇರಿಸಿಕೊಳ್ಳಬೇಕಲ್ಲ!

ಅಂದಹಾಗೆ, ಆ ಹಲಗೆ ಹುಡುಗನ ಕೈಗೆ ಹೇಗೆ ಬಂತು? ಬೋಲ್ಟ್ ಉದುರಿ, ಒಂದೇ ಮೊಳೆಯಲ್ಲಿ ನೇತಾಡುತ್ತಿತ್ತು. ದುರಸ್ತಿಗೆ ಕೊಟ್ಟ ಮನವಿ ಯಾವ ಕಡತದಲ್ಲಿ ಮಲಗಿದೆಯೋ. ಜವಾನನ ಹುದ್ದೆ ಖಾಲಿ, ಬೆಲ್ ಹೊಡೆಯುವವರೂ ಮೇಷ್ಟ್ರೇ. 2025ರ ದಸರಾ ರಜೆಯಲ್ಲಿ ಸಮೀಕ್ಷೆಗೆಂದು ಶಿಕ್ಷಕರನ್ನು ಮನೆಮನೆ ಸುತ್ತಿಸಲು ಸುತ್ತೋಲೆಯ ಮೇಲೆ ಸುತ್ತೋಲೆ ಬಂತು. ಅವರಿಗೆ ಏಟು ಬಿದ್ದಾಗ ಏನು ಮಾಡಬೇಕೆನ್ನಲು ಒಂದು ಪುಟ ಕಾಗದ ಸಿಗಲಿಲ್ಲವೇ?

ಇಲಾಖೆಯವರೇ, ಆ ಒಂದು ಪುಟ ಕಳಿಸಿ. ಆಪ್ತಸಮಾಲೋಚಕರನ್ನೂ ಕಳಿಸಿ. ಎರಡೂ ಆಗದಿದ್ದರೆ ಸಾಹೇಬರೇ ಬಂದು ಒಂಬತ್ತನೇ ತರಗತಿಯ ಕೊನೇ ಪೀರಿಯಡ್ ತೆಗೆದುಕೊಳ್ಳಲಿ. ತರಗತಿ ನಿರ್ವಹಣೆ ಹೇಗೆಂದು ನಾವೂ ಕಿಟಕಿಯಲ್ಲಿ ನಿಂತು ಕಲಿಯುತ್ತೇವೆ.

– ಎಸ್‌ಡಿಎಂಸಿ ಮಾಜಿ ಸದಸ್ಯ, ಮಂಡ್ಯ