ಅಡ್ಮಿಟ್ ಆಗದವರಿಗೂ ವಿಮೆ ಸಿಗಲಿ: ದಕ್ಷಿಣ ಕನ್ನಡದ ಸಂಸದರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಂಸದರಾದ ಬ್ರಿಜೇಶ್ ಚೌಟ ಅವರಿಗೆ,

ನಮಸ್ಕಾರ. ನಾನು ಸುರತ್ಕಲ್ ಕಡೆಯವಳು. ಮಗಳು ಮಂಗಳೂರಿನಲ್ಲಿ ಕಾಲೇಜು ಓದುತ್ತಿದ್ದಾಳೆ. ಕಳೆದ ವರ್ಷ ಅವಳಿಗೆ ಬಸ್ಸು ಹತ್ತುವುದೇ ಕಷ್ಟವಾಗತೊಡಗಿತು. ಕೈ ನಡುಗುತ್ತಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು. ಎಷ್ಟೋ ದಿನ ಅರ್ಧ ದಾರಿಯಲ್ಲಿ ಇಳಿದು ವಾಪಸ್ ಬಂದಳು. ಹೃದಯದ ಪರೀಕ್ಷೆ ಮಾಡಿಸಿದೆವು, ಏನೂ ತೊಂದರೆ ಇರಲಿಲ್ಲ. ಕೊನೆಗೆ ಮನೋವೈದ್ಯರು, ಇದು ಗಾಬರಿಯ ಕಾಯಿಲೆ, ಇವಳಿಗೆ ಮಾತ್ರೆಗಿಂತ ಕೌನ್ಸೆಲಿಂಗ್ ಮುಖ್ಯ ಎಂದರು. ವಾರಕ್ಕೊಂದರಂತೆ 12 ಸಲ. ಒಂದು ಸಲಕ್ಕೆ 1,000 ರೂಪಾಯಿ.

ನಮಗೆ ಆರೋಗ್ಯ ವಿಮೆ ಉಂಟು. ಏಳು ವರ್ಷದಿಂದ ಒಂದು ಕಂತೂ ತಪ್ಪಿಸಿಲ್ಲ. ಮಾನಸಿಕ ಕಾಯಿಲೆಗೂ ಹಣ ಸಿಗುತ್ತದೆ ಎಂದು ಪಾಲಿಸಿಯಲ್ಲೇ ಬರೆದಿತ್ತು. ಅದನ್ನು ನಂಬಿ 12 ರಸೀದಿಗಳನ್ನು ಪಿನ್ ಮಾಡಿ ಕಳಿಸಿದೆ. ಕ್ಲೇಮ್ ತಿರಸ್ಕಾರವಾಯಿತು. ಫೋನ್ ಮಾಡಿದರೆ ಒಂದೇ ಪ್ರಶ್ನೆ: "ಪೇಷೆಂಟ್ ಅಡ್ಮಿಟ್ ಆಗಿದ್ರಾ ಮೇಡಂ?" ಸ್ಪೀಕರ್ ಹಾಕಿದ್ದೆ. ಪಕ್ಕದಲ್ಲೇ ಕೂತಿದ್ದ ಮಗಳು ಮೆಲ್ಲಗೆ ಕೇಳಿದಳು, "ಅಮ್ಮ, ನಾನು ಅಡ್ಮಿಟ್ ಆಗ್ಬೇಕಿತ್ತಾ?"

ಏನು ಹೇಳಬೇಕೋ ನನಗೆ ಗೊತ್ತಾಗಲಿಲ್ಲ. ಆಮೇಲೆ ಕೂತು ಓದತೊಡಗಿದೆ.

ದೇಹದ ಕಾಯಿಲೆಗೆ ಹೇಗೆ ವಿಮೆ ಕೊಡುತ್ತಾರೋ ಮನಸ್ಸಿನ ಕಾಯಿಲೆಗೂ ಹಾಗೇ ಕೊಡಬೇಕು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತದೆ. ಅದು ಜಾರಿಗೆ ಬಂದದ್ದು 2018ರ ಮೇ 29ಕ್ಕೆ. ಅದೇ ವರ್ಷದ ಆಗಸ್ಟ್‌ನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವೂ ಕಂಪೆನಿಗಳಿಗೆ ಸೂಚನೆ ಕೊಟ್ಟಿತು. ಆದರೂ 2022ರ ಅಕ್ಟೋಬರ್‌ನಲ್ಲಿ, ತಿಂಗಳ ಕೊನೆಯೊಳಗೆ ಎಲ್ಲ ಪಾಲಿಸಿಗಳಲ್ಲೂ ಇದನ್ನು ಸೇರಿಸಿ ಎಂದು ಮತ್ತೆ ಹೇಳಬೇಕಾಯಿತು. ಈಗ ಸೇರಿಸಿದ್ದಾರೆ, ನಿಜ. ಆದರೆ ಸಾಮಾನ್ಯ ಪಾಲಿಸಿಯಲ್ಲಿ ಹಣ ಸಿಗಬೇಕಾದರೆ ಕನಿಷ್ಠ 24 ಗಂಟೆ ಆಸ್ಪತ್ರೆಯಲ್ಲಿ ಮಲಗಿರಬೇಕು. ಕೌನ್ಸೆಲಿಂಗ್‌ಗೆ ಯಾರಾದರೂ ಮಲಗುತ್ತಾರಾ? ಎರಡು ಕುರ್ಚಿ, ಒಂದು ಗಂಟೆ ಮಾತು. ಚಿಕಿತ್ಸೆ ಇರುವುದೇ ಹಾಗೆ.

ಜ್ವರ ಬಂದು ಡಾಕ್ಟರಿಗೆ ತೋರಿಸಿದರೂ ಹಣ ಸಿಗುವುದಿಲ್ಲ, ಎಲ್ಲರಿಗೂ ಒಂದೇ ನಿಯಮ ಅಲ್ವಾ ಎಂದು ಕಂಪೆನಿಯವರು ಹೇಳಬಹುದು. ನಾನೂ ಇದನ್ನು ತುಂಬಾ ಯೋಚಿಸಿದೆ. ಜ್ವರ ಜೋರಾದರೆ ಆಸ್ಪತ್ರೆಗೆ ಸೇರಿಸುತ್ತಾರೆ, ಆಗ ವಿಮೆ ಸಿಗುತ್ತದೆ. ನನ್ನ ಮಗಳಂಥವರಿಗೆ ಆ 12 ವಾರಗಳೇ ದೊಡ್ಡ ಚಿಕಿತ್ಸೆ. ಅದರ ಮೇಲೆ ಇನ್ನೊಂದಿಲ್ಲ. ಕಣ್ಣಿನ ಪೊರೆ ತೆಗೆಸಿಕೊಂಡವರು ಅದೇ ದಿನ ಮನೆಗೆ ಬರುತ್ತಾರೆ. ಡಯಾಲಿಸಿಸ್‌ಗೂ ರಾತ್ರಿ ಉಳಿಯಬೇಕಿಲ್ಲ. ಇವಕ್ಕೆಲ್ಲ 24 ಗಂಟೆಯ ನಿಯಮ ಸಡಿಲಿಸಿ, ಡೇ ಕೇರ್ ಎಂದು ಹಣ ಕೊಡುತ್ತಾರೆ. ಮನೋವೈದ್ಯರು ಬರೆದುಕೊಟ್ಟ ಕೌನ್ಸೆಲಿಂಗ್‌ಗೂ ಹಾಗೆ ಸಡಿಲಿಸಲು ಏನು ಕಷ್ಟ? ಒಪಿಡಿ ಖರ್ಚು, ಅಂದರೆ ಅಡ್ಮಿಟ್ ಆಗದೆ ಡಾಕ್ಟರಿಗೆ ತೋರಿಸಿದ ಖರ್ಚು, ಕೊಡುವ ಪಾಲಿಸಿಗಳೂ ಇವೆ. ಅವಕ್ಕೆ ಕಂತು ಜಾಸ್ತಿ, ನಮ್ಮಂಥವರ ಕೈಗೆ ಎಟಕುವುದಿಲ್ಲ.

ಕಂಪೆನಿ ನ್ಯಾಯ ಕೊಡದಿದ್ದರೆ ವಿಮಾ ಲೋಕಪಾಲರಿಗೆ ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ. ಆದರೆ ನನ್ನ ಪಾಲಿಸಿಯಲ್ಲಿ 24 ಗಂಟೆ ಎಂದು ಬರೆದೇ ಇದೆ. ಬದಲಾಗಬೇಕಾದದ್ದು ನಿಯಮ. ಅದಕ್ಕೆ ದೆಹಲಿಯಲ್ಲಿ ದನಿ ಎತ್ತಬೇಕು.

ಸರ್ಕಾರಿ ವ್ಯವಸ್ಥೆ ಇಲ್ಲ ಎನ್ನುತ್ತಿಲ್ಲ. ವೆನ್ಲಾಕ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಒಂದು ರಾತ್ರಿ ಎರಡು ಗಂಟೆಗೆ ಮಗಳು ಉಸಿರು ಕಟ್ಟುತ್ತಿದೆ ಎಂದು ಎದ್ದು ಕೂತಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದೆ. ಆ ಕಡೆಯವರು ಕನ್ನಡದಲ್ಲೇ ಮಾತಾಡಿದರು. ನಿಧಾನವಾಗಿ ಉಸಿರು ಬಿಡುವುದನ್ನು ಅವಳ ಜೊತೆ ಎಣಿಸಿದರು. ಅವರ ಉಪಕಾರ ಮರೆಯಲಾರೆ. ಆದರೆ ಅವಳು ಮತ್ತೆ ಬಸ್ಸು ಹತ್ತಿದ್ದು, ವಾರವಾರ ಒಬ್ಬರೇ ಕೌನ್ಸೆಲರ್ ಎದುರು ಕೂತು ಮಾತಾಡಿದ ಮೇಲೆ.

ಸರ್, ನಿಮ್ಮಿಂದ ಎರಡು ಕೆಲಸ ಆಗಬೇಕು. ಅಡ್ಮಿಟ್ ಆಗದೆ ಪಡೆದ ಕೌನ್ಸೆಲಿಂಗ್‌ಗೆ ಎಷ್ಟು ಕಂಪೆನಿಗಳು ಹಣ ಕೊಟ್ಟಿವೆ, ಅದನ್ನು ಸಾಮಾನ್ಯ ಪಾಲಿಸಿಯಲ್ಲೇ ಯಾವಾಗ ಸೇರಿಸುತ್ತೀರಿ ಎಂದು ಲೋಕಸಭೆಯಲ್ಲಿ ಹಣಕಾಸು ಸಚಿವರನ್ನು ಕೇಳಿ. ಇನ್ನೊಂದು, ಜಿಲ್ಲೆಯಲ್ಲಿ ಕೇಂದ್ರದ ಯೋಜನೆಗಳು ಹೇಗೆ ನಡೆಯುತ್ತಿವೆ ಎಂದು ನೋಡಲು ನೀವೇ ನಡೆಸುವ ದಿಶಾ ಸಭೆಯಲ್ಲಿ ಬ್ಯಾಂಕಿನವರೂ ಇರುತ್ತಾರೆ. ನಮ್ಮದು ಬ್ಯಾಂಕುಗಳು ಹುಟ್ಟಿದ ಜಿಲ್ಲೆ, ಇಲ್ಲಿ ಎಷ್ಟೋ ಜನ ವಿಮೆ ಮಾಡಿಸುವುದು ಬ್ಯಾಂಕಿನ ಕೌಂಟರಿನಲ್ಲೇ. ಮನಸ್ಸಿನ ಕಾಯಿಲೆಗೆ ಯಾವಾಗ ಹಣ ಸಿಗುತ್ತದೆ, ಯಾವಾಗ ಸಿಗುವುದಿಲ್ಲ ಎಂದು ಒಂದು ಪುಟ ಕನ್ನಡದಲ್ಲಿ ಬರೆದು, ಸಹಿ ಹಾಕಿಸುವ ಮೊದಲೇ ಕೊಡಲು ಅವರಿಗೆ ಹೇಳಿ.

ನನ್ನ 12 ರಸೀದಿ, ತಿರಸ್ಕಾರದ ಪತ್ರ ಎಲ್ಲ ಜೋಪಾನವಾಗಿ ಇಟ್ಟಿದ್ದೇನೆ. ಸಭೆಯ ದಿನ ತಿಳಿಸಿದರೆ ತಂದು ತೋರಿಸುತ್ತೇನೆ. ಮಗಳೂ ಬರುತ್ತೇನೆ ಅಂದಿದ್ದಾಳೆ.

ಇಂತಿ,
ಸುರತ್ಕಲ್‌ನ ಒಬ್ಬ ತಾಯಿ