ಮೊದಲ ಸಂಬಳ ಬಂದ ಮಗಳಿಗೆ

ಪುಟ್ಟಿ,

ನೀನು ವಾಟ್ಸಾಪಿನಲ್ಲಿ ಕಳಿಸಿದ ಸಂಬಳದ ಚೀಟಿ ನೋಡಿದೆ. ಆಫರ್ ಲೆಟರಿನಲ್ಲಿ ಹೇಳಿದ್ದು ಒಂದು, ಕೈಗೆ ಬಂದಿದ್ದು ಇನ್ನೊಂದು ಅಂತ ಮುಖ ಊದಿಸಿಕೊಂಡಿದ್ದೀಯಂತೆ, ಅಮ್ಮ ಹೇಳಿದಳು. ಆಫರ್ ಲೆಟರಿನಲ್ಲಿ ಬರೆಯೋ ಸಿಟಿಸಿ ಅಂದರೆ ನಿನ್ನನ್ನು ಇಟ್ಟುಕೊಳ್ಳೋಕೆ ಕಂಪನಿಗೆ ತಗಲುವ ಒಟ್ಟು ಖರ್ಚು. ನಿನ್ನ ಭವಿಷ್ಯ ನಿಧಿಗೆ ಅಂದರೆ ಪಿಎಫ್‌ಗೆ ಅವರು ಕಟ್ಟುವ ದುಡ್ಡು, ವರ್ಷಗಟ್ಟಲೆ ದುಡಿದು ಬಿಟ್ಟಾಗ ಮುಂದೆಂದೋ ಸಿಗುವ ಗ್ರ್ಯಾಚುಟಿ ಅನ್ನೋ ಇಡಿಗಂಟು ಎಲ್ಲಾ ಅದರಲ್ಲೇ ಸೇರಿರುತ್ತೆ. ನಿನ್ನ ಮೂಲ ವೇತನದಲ್ಲೂ ನೂರಕ್ಕೆ 12 ಪಿಎಫ್‌ಗೆ ಹೋಗಿದೆ. ಅದು ನಿನ್ನದೇ ದುಡ್ಡು, ಬೇಜಾರು ಬೇಡ. ಕೆಲಸ ಬಿಟ್ಟಾಗಲೆಲ್ಲ ಅದನ್ನು ತೆಗೆದು ಖಾಲಿ ಮಾಡಬೇಡ, ಅಷ್ಟೇ.

ಇನ್ನು ನಾನು ಹೇಳಬೇಕಾದ ಮಾತು. ಜಮೀನಿದ್ದವರು ಬೆಳೆ ಮಾರುತ್ತಾರೆ, ಮಳಿಗೆ ಇದ್ದವರು ಬಾಡಿಗೆ ಎಣಿಸುತ್ತಾರೆ. ನಮ್ಮಂಥವರ ಹತ್ತಿರ ಮಾರೋಕೆ ಇರುವುದು ದುಡಿಮೆ ಒಂದೇ. ಮಾರುವವನಿಗೆ ಅವಸರ ಇದ್ದರೆ ರೇಟು ಬೀಳುತ್ತೆ. ಎಪಿಎಂಸಿಯಲ್ಲಿ ಲೆಕ್ಕ ಬರೆಯುವ ನಾನು ಇದನ್ನು ಪ್ರತಿ ಸುಗ್ಗಿಯಲ್ಲೂ ನೋಡುತ್ತೇನೆ. ಸಾಲ ಕೊಟ್ಟವನು ಬಂದು ಬಾಗಿಲಲ್ಲಿ ಕೂತಿರುವಾಗ ರೈತ ಒದ್ದೆ ಮೆಕ್ಕೆಜೋಳವನ್ನೇ ಟ್ರ್ಯಾಕ್ಟರಿಗೆ ತುಂಬಿಕೊಂಡು ಬರುತ್ತಾನೆ. ದಲಾಲ ಒಂದು ಹಿಡಿ ಕಾಳು ಎತ್ತಿ, ಹಲ್ಲಲ್ಲಿ ಕಚ್ಚಿ, "ತೇವ ಜಾಸ್ತಿ" ಅಂತ ರೇಟು ಇಳಿಸುತ್ತಾನೆ. ರೈತ ತಲೆ ಆಡಿಸುತ್ತಾನೆ, ಇನ್ನೇನು ಮಾಡ್ತಾನೆ? ಒಣಗಿಸಿ ಮನೆಯಲ್ಲಿ ಇಟ್ಟುಕೊಳ್ಳುವ ಶಕ್ತಿ ಇರುವವನು ಮಾತ್ರ "ಈ ರೇಟಿಗೆ ಕೊಡಲ್ಲ" ಅನ್ನಬಲ್ಲ.

ನಿನ್ನ ಅಜ್ಜ ಬಟ್ಟೆ ಮಿಲ್ಲಿನಲ್ಲಿದ್ದರು. ಆಗ ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುವ ಹೆಸರು. ಮಿಲ್ಲು ಮುಚ್ಚಿದಾಗ ಅವರ ಜೊತೆಯವರು ಎಷ್ಟೋ ಜನ ಮರುವಾರವೇ ಸಿಕ್ಕ ಕೂಲಿಗೆ ಮೂಟೆ ಹೊರಲು ನಿಂತರು. ಅಜ್ಜಿ ಎಮ್ಮೆ ಹಾಲು ಮಾರಿ ಕೂಡಿಟ್ಟಿದ್ದಳು. ಅದರಲ್ಲಿ ಮನೆ ನಡೆಯಿತು, ಅಜ್ಜ ಫಿಟ್ಟರ್ ಕೆಲಸ ಸಿಗುವವರೆಗೆ ಕಾದರು. ಮೂಟೆ ಹೊತ್ತವರು ಅಜ್ಜನಿಗಿಂತ ದಡ್ಡರೇನಲ್ಲ. ಅವರ ಮನೆಯಲ್ಲಿ ಎಮ್ಮೆ ಇರಲಿಲ್ಲ.

ಹಾಗಾಗಿ ಮೊದಲು ಆರು ತಿಂಗಳ ಖರ್ಚು ಕೂಡಿಡು. ಸಂಬಳ ಅಲ್ಲ, ಖರ್ಚು: ಪಿಜಿ ಬಾಡಿಗೆ, ಊಟ, ಬಸ್ಸು, ಫೋನು. ಬೇರೆ ಖಾತೆಯಲ್ಲಿಡು, ಅದಕ್ಕೆ ಯುಪಿಐ ಜೋಡಿಸಬೇಡ. ಚೀಟಿಗೆ ಹಾಕು ಅಂತ ನಿಮ್ಮ ಚಿಕ್ಕಪ್ಪ ಕೇಳಿಯೇ ಕೇಳುತ್ತಾನೆ, ನನ್ನ ಹೆಸರು ಹೇಳಿ ತಪ್ಪಿಸಿಕೋ. ಬ್ಯಾಂಕ್ ಮುಳುಗಿದರೂ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆ ಇದೆ. ಚೀಟಿ ನಡೆಸುವವನು ಓಡಿಹೋದರೆ ಯಾರನ್ನು ಕೇಳ್ತೀಯ?

ಕ್ರೆಡಿಟ್ ಕಾರ್ಡ್ ಬಗ್ಗೆ ಕೇಳಿದ್ದೆ. ಪೂರ್ತಿ ಬಿಲ್ ಕಟ್ಟುವುದಾದರೆ ತಗೋ. "ಮಿನಿಮಮ್ ಡ್ಯೂ" ಅಂತ ಬಿಲ್ಲಿನಲ್ಲಿ ಕಾಣಿಸೋ ಕನಿಷ್ಠ ಮೊತ್ತವನ್ನಷ್ಟೇ ಕಟ್ಟಿ ಸುಮ್ನಿದ್ದರೆ ಉಳಿದಿದ್ದಕ್ಕೆ ತಿಂಗಳಿಗೆ ನೂರಕ್ಕೆ ಮೂರು, ಮೂರೂವರೆ ರೂಪಾಯಿ ಬಡ್ಡಿ ಬೀಳುತ್ತೆ. ಮಂಡಿಪೇಟೆಯಲ್ಲಿ ಯಾರಾದರೂ ಮೂರೂವರೆ ರೂಪಾಯಿ ಬಡ್ಡಿ ಕೇಳಿದರೆ ಜನ ಬಾಯಿಗೆ ಬಂದಂತೆ ಬಯ್ಯುತ್ತಾರೆ. ಕಾರ್ಡಿನವರು ಕೇಳಿದರೆ ಥ್ಯಾಂಕ್ಸ್ ಹೇಳುತ್ತಾರೆ!

ಕಂಪನಿಯ ಆರೋಗ್ಯ ವಿಮೆ ಕೆಲಸ ಇರುವವರೆಗೆ ಮಾತ್ರ. ನಿನ್ನದೇ ಒಂದು ಸಣ್ಣ ಪಾಲಿಸಿ ಈಗಲೇ ಮಾಡಿಸು. ವಯಸ್ಸಾದ ಮೇಲೆ ಪ್ರೀಮಿಯಂ ಏರುತ್ತೆ, ಮೊದಲೇ ಇದ್ದ ಕಾಯಿಲೆಗೆ ವರ್ಷಗಟ್ಟಲೆ ಕಾಯಿಸುತ್ತಾರೆ. ಷೇರು, ಮ್ಯೂಚುವಲ್ ಫಂಡ್ ಎಲ್ಲಾ ಇದಾದ ಮೇಲೆ. ಅದರಲ್ಲಿ ನನಗಿಂತ ನಿನಗೇ ಜಾಸ್ತಿ ಗೊತ್ತು.

ಮನೆಗೆ ತಿಂಗಳಿಗೆ ಐದು ಸಾವಿರ ಕಳಿಸ್ತೀನಿ ಅಂದಿದ್ದೆ. ಸದ್ಯಕ್ಕೆ ಬೇಡ, ಅದನ್ನು ಆ ಬೇರೆ ಖಾತೆಗೇ ಹಾಕು. ಅಮ್ಮನಿಗೆ ಈ ವಿಷಯ ಇನ್ನೂ ಹೇಳಿಲ್ಲ. ಅವಳು ಆಗಲೇ ಮಿಕ್ಸಿ ನೋಡಿಟ್ಟಿದ್ದಾಳೆ, ನೀನೇ ಫೋನ್ ಮಾಡಿ ಸಮಾಧಾನ ಮಾಡು.

ಅಪ್ಪ